ನೀಲಾಂಬಿಕಾ ಹಾವನೂರರ ಲಾಗಿನ್

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಮುರಿಗೆಪ್ಪನವರು ಆ ಒಲೆಯ ಎದುರಿಗೇ ನಿಂತು ಮೊಬೈಲಿನಲ್ಲಿ ಏನೋ ಓದುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದ ಅವರ ಹೆಂಡತಿ ನೀಲಾಂಬಿಕಾ ಅದನ್ನು ನೋಡಿದರು. ನೋಡಿದ ಕೂಡಲೇ ಅವರೊಳಗೂ ಏನೋ ಹಾಲಿಗಿಂತ ಜೋರಾಗಿ ಉಕ್ಕಿ ಬಂತು. ಆದರೆ ಬಾಯಿಂದ ಹೊರಬಿದ್ದ ಮಾತು ಇಷ್ಟು:

“ಹಾಲು ಉಕ್ಕುತ್ತಿದೆ. ದಯವಿಟ್ಟು ಗಮನಿಸುವಿರಾ?”

“ಅಯ್ಯ, ಹೌದಲ್ಲ,” ಎಂದು ಮುರಿಗೆಪ್ಪ ಒಲೆ ಆರಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಸಮಾಧಾನದಿಂದ ನಕ್ಕರು. ಆ ನಗೆಯೇ ನೀಲಾಂಬಿಕಾ ಅವರಿಗೆ ಹಾಲಿಗಿಂತ ಹೆಚ್ಚು ಉರಿ ಹತ್ತಿಸಿತು.

ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಾಗಿದ್ದ ನೀಲಾಂಬಿಕಾ ಹಾವನೂರರ ಬಾಯಿ ಒಂದು ಕಾಲಕ್ಕೆ ಊರಿಗೇ ಗೊತ್ತಿತ್ತು. ಹೆಂಡತಿಯನ್ನು ಹೊಡೆದು ಬಂದ ಗಂಡಂದಿರು ಕೋರ್ಟಿನ ವರಾಂಡದಲ್ಲಿ ಅವರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದರು. ಹಿಂದಿನ ವರ್ಷ ಶ್ರಾವಣದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತು ಮಾತ್ರ ಹೋಯಿತು. ಬೇರೆಯವರು ಆಡಿದ್ದೆಲ್ಲ ತಿಳಿಯುತ್ತಿತ್ತು, ತಾವು ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿಯೇ ಇರುತ್ತಿತ್ತು. ಆದರೆ ನೀರು ಬೇಕೆಂದರೆ ನೀರು ಎಂಬ ಮಾತು ಸಿಗುತ್ತಿರಲಿಲ್ಲ. ಬರೆಯಲು ಕೂತರೂ ಅಷ್ಟೆ.

ಅಂಥವರಿಗಾಗಿ ಆಗಷ್ಟೇ ನುಡಿಸೇತು ಎಂಬ ಸಾಧನ ಬಂದಿತ್ತು. ಕಿವಿಯ ಹಿಂದೆ, ಮೂಳೆಯ ಒಳಗಡೆ, ಉಗುರಿನಷ್ಟು ತೆಳುವಾದ ಒಂದು ಬಿಲ್ಲೆ. ಮನಸ್ಸು ಏನು ಹೇಳಬೇಕೆಂದಿದೆಯೋ ಅದರ ಅರ್ಥವನ್ನು ಅದು ಹಿಡಿಯುತ್ತದೆ. ಹಿಡಿದು, ತನ್ನ ಭಂಡಾರದಿಂದ ತಕ್ಕ ಮಾತುಗಳನ್ನು ತೆಗೆದು ಬಾಯಿಗೂ ಬೆರಳಿಗೂ ಕಳಿಸುತ್ತದೆ. ಅದರೊಳಗೆ ಇದ್ದದ್ದು ಯುನಿಕ್ಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಮರಿಮಗ. ಮನುಷ್ಯ ಮಲಗಿದರೆ ಅದೂ ಮಲಗುತ್ತದೆ. ಎದ್ದರೆ ಆ ಮನುಷ್ಯ ಹೊಸದಾಗಿ ಲಾಗಿನ್ ಆದ ಹಾಗೆ. ಪ್ರತಿ ಲಾಗಿನ್‌ಗೂ ಅದು ಮೊದಲು ಒಂದು ಫೈಲನ್ನು ತೆರೆದು, ಅದರಲ್ಲಿ ಬರೆದ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುತ್ತದೆ.

ಆ ಫೈಲನ್ನು ಬರೆದವರು ಸಂವಹನ ಚಿಕಿತ್ಸಾ ಕೇಂದ್ರದವರು. ಎಲ್ಲ ರೋಗಿಗಳಿಗೂ ಅದೊಂದೇ ಫೈಲು. ಭಾಷೆ: ಪ್ರಮಾಣ ಕನ್ನಡ. ರೀತಿ: ವಿನಯ. ಕೋಪ: ಕನಿಷ್ಠ. ಇವೆಲ್ಲಕ್ಕಿಂತ ಮೊದಲು ಒಂದು ಪ್ರಕಟಣೆ. ಹೀಗಾಗಿ ನೀಲಾಂಬಿಕಾ ದಿನಾ ಕಣ್ಣು ತೆರೆದ ಕೂಡಲೇ ಅವರ ಬಾಯಿ ತನ್ನಷ್ಟಕ್ಕೆ ತಾನೇ ಹೇಳುತ್ತಿತ್ತು: “ನಮಸ್ಕಾರ. ನಾನು ನುಡಿಸೇತುವಿನ ನೆರವಿನಿಂದ ಮಾತನಾಡುತ್ತಿದ್ದೇನೆ. ನನ್ನ ಮಾತಿನಲ್ಲಿ ದೋಷ ಕಂಡುಬಂದಲ್ಲಿ ಕೇಂದ್ರವನ್ನು ಸಂಪರ್ಕಿಸಿ.” ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ಒಂದು ಜೊಂಪು ಹತ್ತಿ ಎದ್ದರೂ ನಮಸ್ಕಾರ. ಒಮ್ಮೆ ಧಾರವಾಡದ ಬಸ್ಸಿನಲ್ಲಿ ತೂಕಡಿಸಿ ಎಚ್ಚರಾದಾಗ ಪಕ್ಕದ ಹೆಂಗಸು ಆ ಪ್ರಕಟಣೆ ಕೇಳಿ, ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿಬಿಟ್ಟಳು.

ಓಣಿಯ ಜನ ಮಾತ್ರ ಬಹಳ ಮೆಚ್ಚಿಕೊಂಡಿದ್ದರು. “ನೀಲಕ್ಕಾರು ಎಷ್ಟ ಮೆತ್ತಗಾಗ್ಯಾರ್ರೀ. ಎಷ್ಟ ಚೆಂದ ಮಾತಾಡ್ತಾರ,” ಎಂದು ಮುರಿಗೆಪ್ಪನವರ ಮುಂದೆ ಹೇಳುತ್ತಿದ್ದರು. ನೀಲಾಂಬಿಕಾ ಪಕ್ಕದಲ್ಲೇ ನಿಂತು, “ತಮ್ಮ ಪ್ರಶಂಸೆಗೆ ಧನ್ಯವಾದಗಳು,” ಎನ್ನುತ್ತಿದ್ದರು. ಆಮೇಲೆ ಒಳಗೆ ಹೋಗಿ ಒಂದು ಪಾತ್ರೆ ಕುಕ್ಕುತ್ತಿದ್ದರು. ಪಾತ್ರೆಗೆ ನುಡಿಸೇತು ಇರಲಿಲ್ಲ.

ಮನೆಯಲ್ಲಾದರೆ ಹೇಗೋ ಸಹಿಸಬಹುದಿತ್ತು. ಕೋರ್ಟಿನಲ್ಲಿ ಅದು ಒಬ್ಬ ಹುಡುಗಿಯ ಬಾಳಿಗೇ ಕುತ್ತಾಗಿ ಬಂತು.

ಫಕ್ಕೀರವ್ವ ಕುಂದಗೋಳದ ಕಡೆಯವಳು. ಅರಳೆ ಮಿಲ್ಲಿನಲ್ಲಿ ಕೂಲಿ. ಗಂಡ ಅವಳ ಕೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದಿದ್ದ. ಆ ಕಲೆ ಮಣಿಕಟ್ಟಿನಿಂದ ಬೆರಳ ತನಕ ಇತ್ತು. ಅವಳು ಏಳನೆಯ ವರ್ಗದಲ್ಲಿ ಓದುವ ಮಗಳನ್ನು ಕರೆದುಕೊಂಡು ತವರಿಗೆ ಬಂದು ನೀಲಾಂಬಿಕಾ ಅವರ ಮೂಲಕ ದಾವೆ ಹೂಡಿದ್ದಳು. ಈಗ ಗಂಡನ ಕಡೆಯವರು ಹಿರಿಯರನ್ನು ಮುಂದೆ ಮಾಡಿಕೊಂಡು ರಾಜಿಗೆ ಬಂದಿದ್ದರು. ಮಗಳು ಅಪ್ಪನ ಮನೆಯಲ್ಲಿ ಇರಲಿ, ತಾಯಿ ಬೇಕಾದಾಗ ಬಂದು ನೋಡಿಕೊಂಡು ಹೋಗಲಿ, ಕೇಸು ಮುಗಿಯಲಿ ಎಂಬುದು ಅವರ ಮಾತು.

“ಹಿರೇರು ಹೇಳಾಕತ್ತಾರ್ರೀ ಅಕ್ಕಾರ. ಸೋಮವಾರ ಜಡ್ಜ್ ಸಾಹೇಬ್ರ ಮುಂದ ಸಹಿ ಹಾಕಿಬಿಡು ಅಂತಾರ. ನೀವೇನಂತೀರಿ?” ಎಂದು ಫಕ್ಕೀರವ್ವ ಕೇಳಿದಳು.

ನೀಲಾಂಬಿಕಾ ಮೇಜಿನ ಮೇಲೆ ಎರಡೂ ಕೈ ಊರಿ ಮುಂದೆ ಬಾಗಿದರು. ಹೇಳಬೇಕಾದ್ದು ಅವರ ತಲೆಯಲ್ಲಿ ಬೆಂಕಿಯ ಹಾಗೆ ಕಾಯುತ್ತಿತ್ತು. ಬಾಯಿ ಹೇಳಿತು: “ಈ ಪ್ರಸ್ತಾವದ ಸಾಧಕ ಬಾಧಕಗಳನ್ನು ಕೂಲಂಕಷವಾಗಿ ಪರಿಶೀಲಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ.”

ಫಕ್ಕೀರವ್ವ ತಹಶೀಲ್ದಾರರ ಮುಂದೆ ತಲೆ ಆಡಿಸುವ ಹಾಗೆ ತಲೆ ಆಡಿಸಿದಳು. “ಹೂಂರೀ. ಹಂಗಾರ ನೀವೂ ಹೂಂ ಅಂದಂಗಾತು.”

“ಇಲ್ಲ. ನಾನು ಸಮ್ಮತಿ ಸೂಚಿಸಿಲ್ಲ.”

“ಸೂಚಿಸಿಲ್ಲ ಅಂದ್ರ?”

“ಮಗುವಿನ ಹಿತಾಸಕ್ತಿಯನ್ನು ಗಮನದಲ್ಲಿಟ್ಟುಕೊಳ್ಳುವುದು ಅಗತ್ಯ.”

“ಅದನ್ನ ಅವರೂ ಅಂದ್ರೀ ಅಕ್ಕಾರ. ಅವರ ವಕೀಲ್ರೂ ಹಿಂಗ ಅಂದ್ರು.” ಫಕ್ಕೀರವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲ ತನಕ ಹೋಗಿ ಒಮ್ಮೆ ಹಿಂತಿರುಗಿ ನೋಡಿದಳು. ಇಲ್ಲಿ ಬೇರೆ ಯಾರೋ ಸಿಗಬೇಕಾಗಿತ್ತು ಎನ್ನುವ ಹಾಗಿತ್ತು ಆ ನೋಟ.

ಅಂದೇ ನೀಲಾಂಬಿಕಾ ಕೇಂದ್ರಕ್ಕೆ ಹೋದರು.

ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಸಣ್ಣ ಸಣ್ಣ ದೀಪಗಳಿದ್ದವು. ಒಂದೊಂದು ದೀಪವೂ ನುಡಿಸೇತು ಹಾಕಿಸಿಕೊಂಡ ಒಬ್ಬೊಬ್ಬ ಮನುಷ್ಯ. ಎಚ್ಚರಿದ್ದವರದು ಹಸಿರು, ಮಲಗಿದವರದು ಹಳದಿ. ಮುಖ್ಯಸ್ಥರಾದ ಡಾಕ್ಟರ್ ಕಟ್ಟಿ ನಗುತ್ತ ಕುರ್ಚಿ ತೋರಿಸಿದರು. ಕಂಪ್ಯೂಟರಿನ ಮುಂದೆ ಮೆಹರುನ್ನಿಸಾ ಸವಣೂರ ಎಂಬ ಎಂಜಿನಿಯರ್ ಕೂತಿದ್ದಳು.

ಕೊಠಡಿಯ ಗೋಡೆ ನಡುಗುವಂಥ ಮಾತು ಆಡಬೇಕೆಂದು ಬಂದಿದ್ದ ನೀಲಾಂಬಿಕಾ ಹೇಳಿದರು: “ಈ ವ್ಯವಸ್ಥೆಯಿಂದ ನನಗೆ ಸ್ವಲ್ಪ ಅನಾನುಕೂಲವಾಗುತ್ತಿದೆ.”

“ಎಷ್ಟ ಚೆಂದ ಮಾತಾಡಾಕತ್ತೀರಿ ಮೇಡಂ,” ಎಂದರು ಡಾಕ್ಟರ್ ಕಟ್ಟಿ. “ಇದನ್ನ ಕೇಳಿದ್ರ ಯಾರರ ದೂರು ಅಂತಾರೇನ್ರಿ? ಕೋಪ ಕಡಿಮಿ ಇಟ್ಟಿದ್ದು ನಿಮ್ಮ ಜೀವಕ್ಕ ಒಳ್ಳೇದು. ಇನ್ನೊಂದ್ ಸಲ ಲಕ್ವಾ ಹೊಡೆದ್ರ ಕಷ್ಟ.”

“ಇದು ನನ್ನ ಭಾಷೆಯಲ್ಲ.”

“ಕನ್ನಡನ ಅಲ್ರಿ?”

ನೀಲಾಂಬಿಕಾ ಕಣ್ಣು ಮುಚ್ಚಿ ತೆರೆದರು. ಹೆಚ್ಚು ಹೊತ್ತು ಮುಚ್ಚಿದರೆ ಬಿಲ್ಲೆ ಅದನ್ನೂ ನಿದ್ದೆ ಎಂದುಕೊಂಡು, ಮತ್ತೆ ನಮಸ್ಕಾರ ಹೊರಡುತ್ತದೆ ಎಂಬ ಭಯ.

ಅಷ್ಟರಲ್ಲಿ ಮೆಹರುನ್ನಿಸಾ ಪರದೆಯಿಂದ ತಲೆ ಎತ್ತಿದಳು. “ಸರ್, ಇವರ ಮಾತು ಕೇಳಿದ್ರ ಸ್ವಲ್ಪ ಅನಾನುಕೂಲ. ಇಲ್ಲಿ ಬಿಲ್ಲೆ ಕಳಿಸಿದ ನಾಡಿ ನೋಡಿದ್ರ ನಳದ ಮುಂದ ಜಗಳಕ್ಕ ನಿಂತಂಗ ಬಡಕೊಳ್ಳಾಕತ್ತೈತಿ. ಕೋಪ ಏನೂ ಕಡಿಮಿ ಆಗಿಲ್ರಿ. ಹೊರಗ ಬರಾಕ ದಾರಿ ಇಲ್ಲ, ಅಷ್ಟ.”

ಡಾಕ್ಟರ್ ಕಟ್ಟಿಗೆ ಆ ಮಾತು ಹಿಡಿಸಲಿಲ್ಲ. ಎಲ್ಲರ ಫೈಲನ್ನು ಒಬ್ಬರಿಗಾಗಿ ತಿದ್ದುವುದು ಸಾಧ್ಯವೇ ಇಲ್ಲ ಎಂದರು. ಅದಕ್ಕೆ ವೈದ್ಯಕೀಯ ಮಂಡಳಿ ಕೂಡಬೇಕು ಎಂದರು.

“ಎಲ್ಲಾರ ಫೈಲು ಮುಟ್ಟೂದು ಬ್ಯಾಡ್ರಿ,” ಎಂದಳು ಮೆಹರುನ್ನಿಸಾ. ಅವಳು ನೀಲಾಂಬಿಕಾ ಅವರ ಕಡೆ ಕುರ್ಚಿ ತಿರುಗಿಸಿದಳು. “ನೋಡ್ರಿ ಅಕ್ಕಾರ. ನೀವು ಎದ್ದ ಕೂಡ್ಲೆ ಅದು ಮೊದ್ಲ ಎಲ್ಲಾರ ಫೈಲು ಓದತೈತಿ. ಆಮ್ಯಾಲ ನಿಮ್ಮ ಸ್ವಂತ ಫೈಲು ಅಂತ ಒಂದೈತಿ, ಅದನ್ನ ಓದತೈತಿ. ಎರಡ್ರಾಗ ಬ್ಯಾರೆ ಬ್ಯಾರೆ ಹೇಳಿದ್ರ ಕಡೀಕ ಹೇಳಿದ್ದ ನಿಲ್ಲತೈತಿ. ನಿಮ್ಮ ಫೈಲು ಖಾಲಿ ಐತಿ. ಎಲ್ಲಾರದೂ ಖಾಲಿನ ಐತಿ. ಈತನಕ ಯಾರೂ ಏನೂ ಬರೆದಿಲ್ಲ.”

ವಕೀಲರ ಕಿವಿ ನಿಮಿರಿತು. ನೀಲಾಂಬಿಕಾ ನೆಟ್ಟಗೆ ಕೂತರು. “ಡಾಕ್ಟರೇ, ಆ ಫೈಲು ಯಾರ ಸ್ವತ್ತು?”

“ಅದು ರೋಗಿಗಳದ್ದ.”

“ಅದರಲ್ಲಿ ಬರೆಯಲು ಯಾರ ಅನುಮತಿ ಬೇಕೆಂದು ನಿಯಮವಿದೆ?”

ಡಾಕ್ಟರ್ ಕಟ್ಟಿ ಮೆಹರುನ್ನಿಸಾಳ ಮುಖ ನೋಡಿದರು. ಮೆಹರುನ್ನಿಸಾ ಗೋಡೆಯ ದೀಪಗಳನ್ನು ನೋಡಿದಳು. “ಅಂಥಾ ನಿಯಮ ಏನೂ ಇಲ್ಲ,” ಎಂದು ಡಾಕ್ಟರ್ ನಿಧಾನವಾಗಿ ಹೇಳಿದರು. “ಆದ್ರ ನಿಮ್ಮ ಪಾಲಕರಾಗಿ ನಿಮ್ಮ ಯಜಮಾನ್ರ ಹೆಸರೈತಿ. ಅವರು ಬ್ಯಾಡ ಅಂದ್ರ ನಾವು ಅಳಿಸಬೇಕಾಕ್ಕೈತಿ.”

“ತಮ್ಮ ಸೌಜನ್ಯಕ್ಕೆ ಕೃತಜ್ಞಳಾಗಿದ್ದೇನೆ,” ಎಂದು ನೀಲಾಂಬಿಕಾ ಎದ್ದರು. ಮೊದಲ ಬಾರಿಗೆ ಆ ಮಾತಿಗೆ ಅವರು ಹಲ್ಲು ಕಡಿಯಲಿಲ್ಲ.

ಮನೆಯಲ್ಲಿ ಮುರಿಗೆಪ್ಪ ಒಪ್ಪಲಿಲ್ಲ. ಬಹಳ ಸಾಧು ಮನುಷ್ಯ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿಯ ರಕ್ತದೊತ್ತಡವನ್ನು ಪ್ರಯೋಗಶಾಲೆಯ ಶಿಸ್ತಿನಿಂದ ದಿನಾ ನೋಡುತ್ತಿದ್ದರು.

“ನೀ ಅವತ್ತ ನನ್ನ ಬೈಕೋಂತನ ಬಿದ್ದಿ ನೀಲಾ,” ಎಂದರು. “ಗ್ಯಾಸ್ ಸಿಲಿಂಡರ್ ತರಾಕ ಹೇಳಿಲ್ಲಂತ ಬೈಯಾಕತ್ತಿದ್ದಿ. ಅರ್ಧಾ ಮಾತಿನ್ಯಾಗ ಬಿದ್ದಿ. ಆ ಉಳಿದ ಅರ್ಧಾ ಮಾತು ನನಗ ಇನ್ನೂ ಬರೂದೈತಿ. ಅದು ಬಂದ ದಿವ್ಸ ನೀ ಇರ್ತೀಯೋ ಇಲ್ಲೋ ಅಂತ ಅಂಜಿಕಿ ನನಗ.”

ನೀಲಾಂಬಿಕಾ ಅವರಿಗೆ ಗಂಡನ ಭುಜ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. “ತಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ,” ಎಂದಿತು ಬಾಯಿ. ಇನ್ನೆಷ್ಟು ಕಾಲ ಈ ತಮ್ಮ, ಈ ಕಾಳಜಿ. ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಮುರಿಗೆಪ್ಪ ಒಳಗಿನಿಂದ, “ಬ್ಯಾಸರಾತೇನು?” ಎಂದು ಕೇಳಿದರು. “ಕಿಂಚಿತ್,” ಎಂದು ಉತ್ತರ ಹೋಯಿತು.

ಮಾರನೆಯ ದಿನ ಮೆಹರುನ್ನಿಸಾ ಮನೆಗೇ ಬಂದು ಮುರಿಗೆಪ್ಪನವರ ಮುಂದೆ ಕೂತಳು. ನಾಡಿಯ ಬಡಿತ ಹೇಗಿದೆ ಎಂಬುದನ್ನು ವಿವರಿಸಿದಳು. ಅವರು ಕೇಳಿಸಿಕೊಂಡರು. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಪಾಲಕರು ಬೇಡ ಎಂದಿಲ್ಲ ಎಂಬುದೇ ವಕೀಲರಿಗೆ ಸಾಕಾಯಿತು.

ಗದಗಿನಲ್ಲಿದ್ದ ನೀಲಾಂಬಿಕಾ ಅವರ ತಂಗಿ ಅಕ್ಕ ಕಾಯಿಲೆಗೆ ಮೊದಲು ಕಳಿಸಿದ ಧ್ವನಿ ಸಂದೇಶಗಳಲ್ಲಿ ಒಂದನ್ನೂ ಅಳಿಸದೆ ಇಟ್ಟುಕೊಂಡಿದ್ದಳು. ಬಾಡಿಗೆದಾರರ ಮೇಲಿನ ಸಿಟ್ಟು, ನಾದಿನಿಯ ಮಗನ ಮದುವೆಯ ಚಾಡಿ, ತಟ್ಟುವಾಗ ರೊಟ್ಟಿ ಯಾಕೆ ಹರಿಯುತ್ತದೆ ಎಂಬ ಪಾಠ, ನಗು, ಬೈಗುಳ ಎಲ್ಲವೂ ಅವುಗಳಲ್ಲಿತ್ತು. ಮೆಹರುನ್ನಿಸಾ ಅವುಗಳಿಂದಲೇ ಒಂದು ಹೊಸ ಮಾತಿನ ಭಂಡಾರ ಕಟ್ಟಿದಳು. ಭಾನುವಾರ ಸಂಜೆ ನೀಲಾಂಬಿಕಾ ಅವರ ಖಾಲಿ ಫೈಲಿನಲ್ಲಿ ಕೆಲವು ಸಾಲು ಬರೆದಳು: ಪ್ರಮಾಣ ಕನ್ನಡದ ಭಂಡಾರ ಬಿಡು, ಇವರದೇ ಭಂಡಾರ ತೆರೆ, ವಿನಯ, ಕೋಪ ಎರಡನ್ನೂ ಅವರಿಗೇ ಬಿಡು.

“ನಾಳೆ ನೀವು ಎದ್ದಾಗ ಇದು ಶುರು ಆಕ್ಕೈತಿ,” ಎಂದಳು. “ಪ್ರಕಟಣೆ ಮಾತ್ರ ತಪ್ಪಂಗಿಲ್ರಿ. ಅದು ಮೊದಲ್ನೆ ಫೈಲಿನ್ಯಾಗ ಐತಿ.”

ಸೋಮವಾರ ನೀಲಾಂಬಿಕಾ ಕಣ್ಣು ತೆರೆದರು. ಬಾಯಿ ನಮಸ್ಕಾರ ಹೇಳಿ, ದೋಷ ಕಂಡುಬಂದಲ್ಲಿ ಕೇಂದ್ರವನ್ನು ಸಂಪರ್ಕಿಸಿ ಎಂದು ಮುಗಿಸಿತು. ಅವರು ಉಸಿರು ಬಿಗಿಹಿಡಿದು ತಮ್ಮ ಮೊದಲ ಮಾತಿಗೆ ಕಾದರು.

ಏನೂ ಬರಲಿಲ್ಲ. ಮುರಿಗೆಪ್ಪ ಚಹ ಹಿಡಿದು ನಿಂತಿದ್ದರು. ಅದಕ್ಕೆ ಏನೆನ್ನುತ್ತಾರೆ ಎಂಬುದೂ ನೀಲಾಂಬಿಕಾ ಅವರಿಗೆ ಸಿಗಲಿಲ್ಲ. ಆಸ್ಪತ್ರೆಯ ಮೊದಲ ದಿನಗಳ ಆ ಬರಿದು ಮತ್ತೆ ಬಂದು ಎದೆಯ ಮೇಲೆ ಕೂತಿತು. ಅಷ್ಟರಲ್ಲಿ ಬಾಯಿ ತೆರೆಯಿತು.

“ನಮಸ್ಕಾರ. ನಾನು ನುಡಿಸೇತುವಿನ ನೆರವಿನಿಂದ ಮಾತನಾಡುತ್ತಿದ್ದೇನೆ...”

ಮುಗಿದ ಮೇಲೆ ಮತ್ತೆ ಬರಿದು. ಸ್ವಲ್ಪ ಹೊತ್ತಿಗೆ ಮತ್ತೆ ನಮಸ್ಕಾರ. ಮುರಿಗೆಪ್ಪ ಚಹವನ್ನು ಎಲ್ಲಿ ಇಟ್ಟರೋ, ಅಂಗಿಯನ್ನು ಹೇಗೆ ಹಾಕಿಕೊಂಡರೋ, ಹೆಂಡತಿಯ ಕೈ ಹಿಡಿದು ಬೀದಿಗೆ ಬಂದು ಆಟೋ ನಿಲ್ಲಿಸಿದರು.

ದಾರಿಯುದ್ದಕ್ಕೂ ನಮಸ್ಕಾರ ನಿಲ್ಲಲಿಲ್ಲ. ಆಟೋದವನು ಮೊದಲ ಸಲ ಕನ್ನಡಿಯಲ್ಲಿ ನೋಡಿ, “ನಮಸ್ಕಾರ್ರೀ ಯವ್ವಾರ,” ಎಂದ. ಎರಡನೆಯ ಸಲಕ್ಕೂ ಮರ್ಯಾದೆ ಬಿಡದೆ ನಮಸ್ಕಾರ ಎಂದ. ಆಮೇಲೆ ಗಾಡಿಯ ವೇಗ ಹೆಚ್ಚಿಸಿದ. ನೀಲಾಂಬಿಕಾ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸೆರಗಿನೊಳಗಿಂದಲೂ ಆ ವಿನಯ ತೂರಿ ಬರುತ್ತಿತ್ತು. ಅವಮಾನ, ಸಿಟ್ಟು, ಅಳು ಒಂದಕ್ಕೊಂದು ಹೆಣೆದುಕೊಂಡು ಗಂಟಲಿಗೆ ಬಂದರೂ, ಹೊರಗೆ ಹೋಗುತ್ತಿದ್ದದ್ದು ಕೇಂದ್ರವನ್ನು ಸಂಪರ್ಕಿಸಿ ಎಂಬ ಸಲಹೆ ಮಾತ್ರ. ಫಕ್ಕೀರವ್ವ ಇಷ್ಟೊತ್ತಿಗೆ ಕುಂದಗೋಳದಿಂದ ಹೊರಟಿರುತ್ತಾಳೆ ಎಂಬುದೊಂದು ಆ ಗದ್ದಲದಲ್ಲಿಯೂ ಅವರಿಗೆ ನೆನಪಿತ್ತು.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂದು ದೀಪ ಹಸಿರಾಗಿ, ಹಳದಿಯಾಗಿ, ಮತ್ತೆ ಹಸಿರಾಗಿ ಮಿಣುಕುತ್ತಿತ್ತು. ಮೆಹರುನ್ನಿಸಾ ಮೊದಲು ಲಾಗಿನ್ ಆಗುವುದನ್ನೇ ತಡೆದಳು. ನಮಸ್ಕಾರ ನಿಂತಿತು. ಆಮೇಲೆ ಅವಳು ದುರಸ್ತಿಯವರಿಗೆಂದೇ ಇರುವ ಬೇರೆ ಬಾಗಿಲಿನಿಂದ ಯಂತ್ರದೊಳಗೆ ಹೊಕ್ಕಳು. ಆ ಬಾಗಿಲಿನಿಂದ ಹೋದರೆ ಯಂತ್ರ ಯಾವ ಫೈಲನ್ನೂ ಓದುವ ಗೊಡವೆಗೆ ಹೋಗುತ್ತಿರಲಿಲ್ಲ. ಪರದೆಯನ್ನು ನೋಡಿದವಳೇ ಹಣೆ ಚಚ್ಚಿಕೊಂಡಳು.

“ನನ್ನ ತಪ್ಪ್ರಿ ಅಕ್ಕಾರ. ಹಳೇ ದುರಸ್ತಿ ಫೈಲಿಂದ ಕೆಲವು ಸಾಲು ತಗೊಂಡಿದ್ದೆ. ಕಡೀ ಸಾಲಿನ್ಯಾಗ ‘ಎಕ್ಸಿಟ್’ ಅಂತ ಉಳಕೊಂಡೈತಿ. ಕೆಲಸ ಮುಗೀತು, ಹೊರಗ ಹೋಗು ಅಂತ. ನೀವು ಎದ್ರಿ, ಅದು ಒಳಗ ಕರೀತು, ಎಲ್ಲಾ ಸಿದ್ಧ ಮಾಡ್ತು, ಕಡೀಕ ತಾನ ನಿಮ್ಮನ್ನ ಹೊರಗ ಹಾಕಿ ಬಾಗಿಲ ಮುಚ್ತು. ನೀವಿನ್ನೂ ಎಚ್ಚರ ಅದೀರಿ ಅಂತ ಮತ್ತ ಕರೀತು.”

ಡಾಕ್ಟರ್ ಕಟ್ಟಿ ಹಿಂದೆ ಬಂದು ನಿಂತಿದ್ದರು. “ಇದಕ್ಕ ನಾ ಹೇಳಿದ್ದು. ಆ ಫೈಲನ್ನ ಪೂರ್ತಿ ಅಳಿಸಿಬಿಡು ಮೆಹರುನ್ನಿಸಾ. ಮೇಡಂ ನಿನ್ನೆ ಹೆಂಗ ಚೆಂದ ಇದ್ರೋ ಹಂಗ ಇರ್ತಾರ.”

“ಪಾಲಕರನ್ನ ಕೇಳಬೇಕ್ರಿ ಸರ್,” ಎಂದಳು ಅವಳು. ಮುರಿಗೆಪ್ಪನವರ ಕಡೆ ತಿರುಗಿದಳು. “ಏನ್ ಮಾಡ್ಲಿ ಸರ್? ಪೂರ್ತಿ ಫೈಲು ತಗೀಲೋ, ಆ ಒಂದ ಸಾಲು ತಗೀಲೋ?”

ಮುರಿಗೆಪ್ಪ ಹೆಂಡತಿಯನ್ನು ನೋಡಿದರು. ನೀಲಾಂಬಿಕಾ ಕುರ್ಚಿಯಲ್ಲಿ ಕೂತಿದ್ದರು. ಮಾತೆಂಬುದು ಒಂದೂ ಇರಲಿಲ್ಲ. ತಮ್ಮ ಬಾಳು ಈಗ ಇವರ ನಾಲಿಗೆಯ ಮೇಲಿದೆ ಎಂದು ತಿಳಿದು ಅವರು ಗಂಡನನ್ನೇ ದಿಟ್ಟಿಸಿದರು. ಬೇಡಿಕೊಳ್ಳುವ ಮುಖವಲ್ಲ ಅದು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೊತ್ತು ಬೇಕೇ ಎಂದು ರೇಗಿ ಹುಬ್ಬು ಗಂಟಿಕ್ಕಿದ ಮುಖ.

ಮುರಿಗೆಪ್ಪ ಗಂಟಲು ಸರಿಮಾಡಿಕೊಂಡರು. “ಡಾಕ್ಟರ, ಇಷ್ಟ ತಿಂಗಳು ನಮ್ಮ ಮನ್ಯಾಗ ಒಬ್ಬ ಸಭ್ಯ ಹೆಣ್ಮಗಳು ಇದ್ಲರಿ. ಭಾಳ ಛಲೋ ಹೆಣ್ಮಗಳು. ಖರೇ ಹೇಳ್ತೀನಿ, ಆಕಿ ಜೋಡಿ ಏನ್ ಮಾತಾಡಬೇಕಂತ ನನಗ ತಿಳೀತಿದ್ದಿಲ್ಲ. ಊಟಕ್ಕ ಕುಂತ್ರ ಬೀಗರ ಮನ್ಯಾಗ ಕುಂತಂಗ ಆಗ್ತಿತ್ತು. ಅಂಜಿಕಿ ಐತ್ರಿ. ಇಲ್ಲಂತಲ್ಲ. ಅಂಜಿಕಿ ನಂದು, ಅದನ್ನ ಆಕಿ ಬಾಯಾಗ ಯಾಕ ತುರುಕಲಿ? ಆ ಒಂದ ಸಾಲು ಅಷ್ಟ ತಗೀಯವ್ವ.”

ಮೆಹರುನ್ನಿಸಾ ಆ ಒಂದು ಸಾಲು ಅಳಿಸಿ, ಲಾಗಿನ್‌ಗೆ ಹಾಕಿದ್ದ ತಡೆ ತೆಗೆದಳು. “ಕಣ್ಣು ಮುಚ್ಚಿ ತಗೀರಿ ಅಕ್ಕಾರ.”

ಪ್ರಕಟಣೆ ಇನ್ನೊಮ್ಮೆ ಹೊರಟಿತು. ಮುಗಿಯಿತು. ನೀಲಾಂಬಿಕಾ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು.

“ಅಂಗಿ ಗುಂಡಿ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಹಾಕ್ಕೊಂಡು ಊರ ತುಂಬ ಮೆರವಣಿಗಿ ಬಂದೀರಲ್ರೀ. ಯಾರರ ನೋಡಿದ್ರ ಏನಂದಾರು?”

ಮುರಿಗೆಪ್ಪ ತಮ್ಮ ಅಂಗಿ ನೋಡಿಕೊಂಡರು. ಗುಂಡಿ ಬಿಚ್ಚಲು ಹೋದರು. ನೀಲಾಂಬಿಕಾ ಎದ್ದು ಬಂದು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದರು. ತಮ್ಮ ಕಣ್ಣು ಒದ್ದೆಯಾದದ್ದನ್ನು ಅವರಿಗೆ ತೋರಿಸದೆ, “ನಡೀರಿ, ಕೋರ್ಟಿಗೆ ಹೊತ್ತಾತು,” ಎಂದರು. ಆಮೇಲೆ ಮೆಹರುನ್ನಿಸಾಳಿಗೆ, “ನಿನಗ ಆಮ್ಯಾಲ ಐತಿ. ಪುಕ್ಕಟೆ ನನ್ನ ಕಡಿಂದ ಊರಿಗೆಲ್ಲಾ ನಮಸ್ಕಾರ ಹೇಳಿಸಿದಿ,” ಎಂದರು. ಮೆಹರುನ್ನಿಸಾ ನಕ್ಕಳು. ಪರದೆಯ ಮೇಲೆ ನಾಡಿಯ ಗೆರೆ ಇಳಿಯುತ್ತಿದ್ದುದನ್ನು ಡಾಕ್ಟರ್ ಕಟ್ಟಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು.

ಕೋರ್ಟಿನ ವರಾಂಡದಲ್ಲಿ ಹಿರಿಯರು ಬೆಂಚು ತುಂಬಿ ಕೂತಿದ್ದರು. ಫಕ್ಕೀರವ್ವನ ಗಂಡ ಕಂಬಕ್ಕೆ ಒರಗಿದ್ದ. ಮಗಳು ಶಾಲೆಯ ಚೀಲವನ್ನು ಎದೆಗೆ ಅವುಚಿಕೊಂಡು ಗೋಡೆಯ ಪಕ್ಕ ನಿಂತಿದ್ದಳು. ಎದುರಿನ ವಕೀಲರು ರಾಜಿಪತ್ರ ಬಿಡಿಸಿ ತೋರಿಸುತ್ತಿದ್ದರು. ಪೆನ್ನು ಫಕ್ಕೀರವ್ವನ ಕೈಯಲ್ಲಿತ್ತು.

“ಏ ಫಕ್ಕೀರವ್ವ,” ಎಂದ ನೀಲಾಂಬಿಕಾ ಅವರ ದನಿಗೆ ವರಾಂಡದ ತುದಿಯಲ್ಲಿದ್ದ ಪೊಲೀಸನೂ ತಿರುಗಿ ನೋಡಿದ. “ನಿನಗೇನ್ ಬುದ್ಧಿ ಮಣ್ಣುಪಾಲಾಗೈತೇನು? ನಿನ್ನ ಕೈ ಹಂಚಿನ ಮ್ಯಾಲ ಒತ್ತಿದಾವ, ನಾಳೆ ಈ ಪೋರಿ ರೊಟ್ಟಿ ಹೊತ್ತಿಸಿದ್ಲು ಅಂದ್ರ ಆಕಿ ಕೈಗೆ ಬೆಣ್ಣಿ ಹಚ್ಚತಾನೇನು? ಬೇಕಾದಾಗ ಬಂದು ನೋಡು ಅಂತಾರಂತ. ಏನ್ ನೋಡಾಕ ಹೊಕ್ಕೀಯ ಅಲ್ಲಿ, ಸುಟ್ಟ ಬೊಬ್ಬಿನ? ಈ ಹಿರೇರು ಇವತ್ತ ನಿನ್ನ ಮುಂದ ಕುಂತಾರ. ಅವತ್ತ ಹಂಚಿನ ಮುಂದ ಇವ್ರಾಗ ಯಾರ ಇದ್ರು, ಕೇಳು.”

ಹಿರಿಯರಲ್ಲಿ ಒಬ್ಬರು ರುಮಾಲು ಸರಿಮಾಡಿಕೊಂಡರು. ಫಕ್ಕೀರವ್ವ ನೀಲಾಂಬಿಕಾ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣಲ್ಲಿ ನೀರು ತುಂಬಿತು.

“ಇಷ್ಟ ದಿವ್ಸ ನಿಮ್ಮ ಕುರ್ಚಿ ಮ್ಯಾಲ ಯಾರನ್ನ ಕುಂದರ್ಸಿದ್ರೀ ಅಕ್ಕಾರ?” ಎಂದು ಕೇಳಿದಳು.

“ಅದನ್ನ ಆಮ್ಯಾಲ ಹೇಳ್ತೀನಿ,” ಎಂದರು ನೀಲಾಂಬಿಕಾ. “ಮೊದ್ಲ ಆ ಪೆನ್ನು ಕೆಳಗಿಡು.”

ಫಕ್ಕೀರವ್ವ ಪೆನ್ನನ್ನು ಬೆಂಚಿನ ಮೇಲಿಟ್ಟು, ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ನೀಲಾಂಬಿಕಾ ಅವರ ಹಿಂದೆ ನ್ಯಾಯಾಲಯದ ಒಳಗೆ ಹೋದಳು.